ನಾಲ್ಕು ನಕ್ಷೆ ಕೂಡುವ ಮೂಲೆ

ಚನ್ನಗಿರಿ ಪೇಟೆಯಿಂದ ಪೂರ್ವಕ್ಕೆ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ, ತುಸು ದಕ್ಷಿಣಕ್ಕೆ ಸರಿದಂತೆ, ಒಂದು ಜಾಗವಿದೆ. ಅಲ್ಲಿ ಅಕ್ಷಾಂಶ ಸರಿಯಾಗಿ 14 ಡಿಗ್ರಿ ಉತ್ತರ, ರೇಖಾಂಶ ಸರಿಯಾಗಿ 76 ಡಿಗ್ರಿ ಪೂರ್ವ. ನಿಮಿಷವೂ ಸೊನ್ನೆ, ಸೆಕೆಂಡೂ ಸೊನ್ನೆ. ಇಂಥದೇ ಇನ್ನೊಂದು ಜಾಗ ಬೇಕೆಂದರೆ ಪಶ್ಚಿಮಕ್ಕೆ ಸಾಗರ–ಹೊಸನಗರದ ನಡುವಿನ ಮಲೆನಾಡಿಗೆ ಹೋಗಬೇಕು. ಉತ್ತರಕ್ಕಾದರೆ ಹೂವಿನಹಡಗಲಿ–ಹಗರಿಬೊಮ್ಮನಹಳ್ಳಿ ಸೀಮೆಗೆ, ದಕ್ಷಿಣಕ್ಕಾದರೆ ಹಾಸನದ ಪಕ್ಕಕ್ಕೆ. ಎಲ್ಲವೂ ನೂರು ಕಿಲೋಮೀಟರ್ ಮೇಲ್ಪಟ್ಟ ದೂರ.

ನಾನು ಈ ಸೀಮೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವನು, ಜೊತೆಗೆ ಸ್ಕೌಟ್ ಮಾಸ್ಟರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆ ವರ್ಗವಾಗಿ ಓಡಾಡಿದ್ದೇನೆ. ಮಕ್ಕಳಿಗೆ ಅಕ್ಷಾಂಶ ರೇಖಾಂಶ ಹೇಳಿಕೊಡುವಾಗ ಗ್ಲೋಬು ತಿರುಗಿಸಿ ಗ್ರೀನಿಚ್ ತೋರಿಸುವುದು ವಾಡಿಕೆ. ನಮ್ಮ ತಾಲ್ಲೂಕಿನಲ್ಲೇ ಎರಡು ಪೂರ್ಣ ಗೆರೆಗಳು ಒಂದನ್ನೊಂದು ದಾಟುತ್ತವೆ ಎಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನನಗೆ ಅದು ತಿಳಿದದ್ದು ಸರ್ವೆ ಆಫ್ ಇಂಡಿಯಾದ ನಕ್ಷೆಗಳಿಂದ.

ಆ ನಕ್ಷೆಗಳ ಲೆಕ್ಕ ಸೊಗಸಾದದ್ದು. ದೇಶವನ್ನು ನಾಲ್ಕು ನಾಲ್ಕು ಡಿಗ್ರಿಯ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಒಂದು ಅಂಕೆ ಕೊಟ್ಟಿದ್ದಾರೆ. 72ರಿಂದ 76 ಡಿಗ್ರಿಯವರೆಗಿನದು 48. ಅಲ್ಲಿಂದಾಚೆ 80ರವರೆಗಿನದು 57. ಅಂಕೆಯೊಳಗೆ ಡಿಗ್ರಿಗೊಂದು ಅಕ್ಷರ, ಅಕ್ಷರದೊಳಗೆ ಹದಿನಾರು ಹಾಳೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಪೇಟೆಗಳು ಬೀಳುವುದು 48 ಎನ್‌ನಲ್ಲಿ. ಜಗಳೂರು 57 ಬಿ. ಚನ್ನಗಿರಿ ತಾಲ್ಲೂಕಿನ ಪೂರ್ವದ ಹಳ್ಳಿಗಳು 57ಕ್ಕೆ ಹೋಗುತ್ತವೆ. ದಕ್ಷಿಣದ ಹಳ್ಳಿಗಳು 48 ಓ ಹಾಳೆಗೆ. 50,000ಕ್ಕೆ ಒಂದರ ಪ್ರಮಾಣದ ನಾಲ್ಕು ಹಾಳೆಗಳು, ಅಂದರೆ 48 ಎನ್/16, 48 ಓ/13, 57 ಬಿ/4, 57 ಸಿ/1, ನಾನು ಮೊದಲು ಹೇಳಿದ ಜಾಗದಲ್ಲಿ ಮೂಲೆಗೆ ಮೂಲೆ ತಾಗುತ್ತವೆ. ಹಾಳೆಯೊಂದು ಅರ್ಧ ಮೀಟರಿಗಿಂತ ತುಸು ಹೆಚ್ಚು ಉದ್ದ. ಅಂಚಿನ ಬಿಳಿ ಪಟ್ಟಿಯನ್ನು ಹಿಂದಕ್ಕೆ ಮಡಚಿ, ನಾಲ್ಕನ್ನೂ ತರಗತಿಯ ನೆಲದ ಮೇಲೆ ಜೋಡಿಸಿ, ಮಕ್ಕಳನ್ನು ಸುತ್ತ ಕೂರಿಸಿದ್ದೆ. ಒಂದು ಹಾಳೆಯಲ್ಲಿ ಅರ್ಧಕ್ಕೆ ತುಂಡಾದ ಹಳ್ಳ ಪಕ್ಕದ ಹಾಳೆಯಲ್ಲಿ ಮುಂದುವರಿದದ್ದನ್ನು ಕಂಡು ಒಬ್ಬ ಹುಡುಗ ಬೆರಳಿಟ್ಟು, “ಸಾರ್, ಈ ಹಳ್ಳ ನಾಲ್ಕರಲ್ಲಿ ಯಾವ ಹಾಳೆಗೆ ಸೇರಿದ್ದು?” ಎಂದು ಕೇಳಿದ. ನಕ್ಷೆಯ ಗೆರೆಗೂ ನೆಲಕ್ಕೂ ಇರುವ ಸಂಬಂಧ ಅದೊಂದೇ ಪ್ರಶ್ನೆಯಲ್ಲಿ ಇಡೀ ತರಗತಿಗೆ ಅರ್ಥವಾಯಿತು.

ಇಂಥ ಪೂರ್ಣ ಡಿಗ್ರಿಯ ಜಾಗಗಳನ್ನು ಹುಡುಕಿಕೊಂಡು ಹೋಗುವುದೇ ಜಗತ್ತಿನಲ್ಲಿ ಒಂದು ಹವ್ಯಾಸ ಎಂದು ಹೇಳಿದವನು ನನ್ನ ತಂಗಿಯ ಮಗ. ಅಮೆರಿಕದಲ್ಲಿ ಕೆಲಸ, ರಜಕ್ಕೆ ಬಂದಿದ್ದ. 1996ರಲ್ಲಿ ಅಲೆಕ್ಸ್ ಜ್ಯಾರೆಟ್ ಎಂಬಾತ ಅಲ್ಲಿ ಈ ಕೆಲಸ ಶುರು ಮಾಡಿದ. ಡಿಗ್ರಿ ಕನ್‌ಫ್ಲುಯೆನ್ಸ್ ಎಂದು ಅದರ ಹೆಸರು. ನಿಯಮ ಸರಳ. ಆ ಜಾಗದ ನೂರು ಮೀಟರ್ ಒಳಗೆ ಹೋಗಬೇಕು, ಜಿಪಿಎಸ್ ತೆರೆಯ ಫೋಟೋ ತೆಗೆಯಬೇಕು, ನಾಲ್ಕೂ ದಿಕ್ಕಿನ ಫೋಟೋ ತೆಗೆಯಬೇಕು, ಹೋದ ದಾರಿಯ ಕಥೆ ಬರೆಯಬೇಕು. ಅಲ್ಲಿ ಏನನ್ನೂ ಇಡುವಂತಿಲ್ಲ, ತರುವಂತಿಲ್ಲ.

ತಂಗಿಯ ಮಗನಿಗೆ ಅದಕ್ಕಿಂತ ಹೆಚ್ಚು ಹುಚ್ಚು ಜಿಯೋಕ್ಯಾಚಿಂಗ್‌ನದು. ಅದರ ಹುಟ್ಟಿದ ದಿನ ಎಲ್ಲರಿಗೂ ಗೊತ್ತು. ಅಮೆರಿಕದ ಸೇನೆ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ 2000ದ ಮೇ ತಿಂಗಳ ಮೊದಲ ವಾರದಲ್ಲಿ ಆ ಕೆಡಿಸುವಿಕೆ ನಿಂತಿತು. ಈಗ ಜಿಪಿಎಸ್ ಎಷ್ಟು ನಿಖರವಾಗಿದೆ ನೋಡೋಣ ಎಂದು ಮೇ 3ರಂದು ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಾಡಿನಂಚಿಗೆ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದ. ಒಳಗೆ ಒಂದು ಪುಸ್ತಕ, ಪೆನ್ಸಿಲ್, ಒಂದಿಷ್ಟು ಸಣ್ಣಪುಟ್ಟ ಸಾಮಾನು. ಒಂದು ಕವಣೆಯೂ ಇತ್ತು, ಬೀನ್ಸ್ ಡಬ್ಬಿಯೂ ಇತ್ತು. ಸಿಕ್ಕವರು ಹೆಸರು ಬರೆಯಬೇಕು, ಒಂದು ಸಾಮಾನು ತೆಗೆದರೆ ಇನ್ನೊಂದು ಇಡಬೇಕು. ಮೈಕ್ ಟೀಗ್ ಎಂಬಾತ ಮೊದಲು ಹುಡುಕಿದ. ಅಲ್ಲಿಂದ ಆಟ ಲೋಕಕ್ಕೆಲ್ಲ ಹಬ್ಬಿತು. ಇದಕ್ಕೂ ಹಿಂದೆ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಲ್ಲಿ ಜೇಮ್ಸ್ ಪೆರೋಟ್ ಎಂಬ ದಾರಿ ತೋರುವವನು 1854ರಲ್ಲಿ ಕ್ರಾನ್ಮಿಯರ್ ಎಂಬ ದುರ್ಗಮ ಜಾಗದಲ್ಲಿ ಬಾಟಲಿಯೊಂದನ್ನು ಇಟ್ಟು, ಅಲ್ಲಿವರೆಗೆ ನಡೆದು ಬಂದವರು ತಮ್ಮ ಕಾರ್ಡು ಹಾಕಿ ಹೋಗುವಂತೆ ಮಾಡಿದ್ದ. ಅದನ್ನೇ ಇದರ ಅಜ್ಜ ಎನ್ನುತ್ತಾರೆ.

ಆದರೆ ನಮ್ಮ ಸೀಮೆಗೆ ಈ ಆಟದ ಅಜ್ಜ ಬೇರೆ ಇದ್ದಾನೆ, ಇನ್ನೂ ಹಳಬ. ಅದನ್ನು ಹೇಳಲಿಕ್ಕೇ ಈ ಬರಹ.

ನಮ್ಮ ದಾನಶಾಸನಗಳನ್ನು ಓದಿದವರಿಗೆ ಗೊತ್ತಿದೆ. ರಾಜನ ಬಿರುದು, ದಾನಿಯ ವಂಶ, ತಿಥಿ ವಾರ ಎಲ್ಲ ಮುಗಿದ ಮೇಲೆ ಭೂಮಿಯ ಎಲ್ಲೆಯ ವಿವರ ಬರುತ್ತದೆ. ಮೂಡಲಿಗೆ ನೆಟ್ಟ ಕಲ್ಲು, ಆಗ್ನೇಯಕ್ಕೆ ಹುತ್ತ, ತೆಂಕಲಿಗೆ ಹಳ್ಳ, ನೈಋತ್ಯಕ್ಕೆ ಹುಣಸೆಯ ಮರ ಎಂಬಂಥ ವಿವರ. ಎಂಟು ದಿಕ್ಕಿಗೂ ಗುರುತು. ಓದಿದವನು ಆ ಗುರುತು ಹಿಡಿದು ನಡೆದರೆ ಹೊಲದ ಸುತ್ತ ಒಂದು ಸುತ್ತು ಬಂದು ಹೊರಟಲ್ಲಿಗೇ ನಿಲ್ಲುತ್ತಾನೆ. ಕೊಟ್ಟ ಭೂಮಿ ಶೈವ ಮಠದ್ದಾದರೆ ಎಲ್ಲೆಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರದ್ದಾದರೆ ವಾಮನಮುದ್ರೆಯ ಕಲ್ಲು. ಮರ ಬಿದ್ದಿರಬಹುದು, ಹುತ್ತ ಕರಗಿರಬಹುದು. ಕಲ್ಲು ಮತ್ತು ಹಳ್ಳ ಬಹಳ ಕಡೆ ಉಳಿದಿವೆ. ನೆಲದ ಮೇಲೆ ಒಂದು ಜಾಗವನ್ನು ಬರಹದಿಂದ ಹಿಡಿದುಕೊಡುವ ವಿದ್ಯೆ ಇದು, ಉಪಗ್ರಹಕ್ಕೆ ಸಾವಿರ ವರ್ಷ ಮುಂಚಿನದು. ಜನರ ಅನ್ನಕ್ಕೆ ಸಂಬಂಧಿಸಿದ ಈ ಬರಹವನ್ನು ನಮ್ಮ ಹಿರಿಯರು ಎಷ್ಟು ಎಚ್ಚರದಿಂದ ಬರೆದಿದ್ದಾರೆಂದು ನೋಡಿದರೆ ನನಗೆ ಇವತ್ತಿಗೂ ಗೌರವ ಉಕ್ಕುತ್ತದೆ.

ಆ ಕಲ್ಲುಗಳನ್ನು ಹುಡುಕಿ ಪಟ್ಟಿ ಮಾಡಿದವರು ಬೆಂಜಮಿನ್ ಲೂಯಿಸ್ ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಕನ್ನಡ, ಸಂಸ್ಕೃತ ಬಲ್ಲ ಪಂಡಿತರ ತಂಡ ಕಟ್ಟಿಕೊಂಡು ಮೈಸೂರು, ಕೊಡಗು ಸೀಮೆಯ ಸುಮಾರು 9,000 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯವು. ಅವುಗಳ ಶಾಸನಗಳು 1902ರ ಏಳನೇ ಸಂಪುಟದಲ್ಲಿವೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯದು, ಅದರ ಶಾಸನ ಹನ್ನೊಂದನೇ ಸಂಪುಟದಲ್ಲಿ. ನ್ಯಾಮತಿಯ ಹಳ್ಳಿಗಳನ್ನು ಹೊನ್ನಾಳಿಯ ಕೆಳಗೆ ನೋಡಬೇಕು, ಅದು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಈ ತಾಲ್ಲೂಕುಗಳು ಒಂದು ಸೂರಿನಡಿ ಬಂದವು. ಪುಸ್ತಕದಲ್ಲಿ ಮಾತ್ರ ಇನ್ನೂ ಬೇರೆ ಬೇರೆಯೇ, ನಕ್ಷೆಯಲ್ಲೂ ಹಾಗೆಯೇ.

ರೈಸ್ ಸಾಹೇಬರ ಸಂಪುಟಗಳಲ್ಲಿ ಶಾಸನದ ಪಾಠ ಎಷ್ಟು ಮುಖ್ಯವೋ ಪ್ರತಿಯೊಂದರ ತಲೆಯ ಮೇಲಿನ ಒಂದು ಸಾಲೂ ಅಷ್ಟೇ ಮುಖ್ಯ. ಇಂಥ ಹೋಬಳಿ, ಇಂಥ ಹಳ್ಳಿ, ಕೆರೆ ಏರಿಯ ಮೇಲೆ, ಅಥವಾ ಊರಬಾಗಿಲ ಪಕ್ಕ, ಅಥವಾ ಬಸವಣ್ಣನ ಗುಡಿಯ ಮುಂದೆ, ಅಥವಾ ಇಂಥ ಹೊಲದಲ್ಲಿ. ಕೆಳಗೆ ಕಲ್ಲಿನ ಅಡಿ ಅಂಗುಲದ ಅಳತೆ. ನಾನು ಸ್ಕೌಟ್ ಹುಡುಗರಿಗೆ ಆ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ, ಜೊತೆಗೆ ಒಂದು ಅಳತೆ ಟೇಪು. ಹುಡುಕಿ, ಅಳೆದು, ಬಂದು ಹೇಳಿ, ಅಷ್ಟೆ. ನೂರು ವರ್ಷದಲ್ಲಿ ಊರು ಬೆಳೆದಿದೆ. ಆಗ ಊರ ಮುಂದಿದ್ದ ಕಲ್ಲು ಈಗ ಊರ ನಡುವೆ. ಹೊಲದಲ್ಲಿದ್ದದ್ದು ಬದುವಿಗೆ ಬಂದು ಮಲಗಿದೆ. ಕೆಲವು ಗುಡಿಯ ಗೋಡೆಗೆ ಸೇರಿ ಸುಣ್ಣ ಬಳಿಸಿಕೊಂಡಿವೆ. ಸಿಂದರ ರಾಜಧಾನಿಯಾಗಿದ್ದ ಬೆಳಗುತ್ತಿಯಲ್ಲಿ ಅಡ್ಡಾಡಿದರೆ ಇದರ ಎಲ್ಲ ರೂಪವೂ ಕಾಣುತ್ತದೆ. ಹುಡುಗರು ಕಲ್ಲಿನ ಮೈಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಮೇಲ್ತುದಿಯ ಸೂರ್ಯ ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು ಒಂದೊಂದಾಗಿ ಕಂಡಾಗ ಕೂಗಿಕೊಳ್ಳುತ್ತಿದ್ದ ಕೂಗು ನನ್ನ ಕಿವಿಯಲ್ಲಿದೆ. ಟೇಪು ಹಿಡಿದು ಅಳೆದು ಪುಸ್ತಕದ ಅಂಕಿಗೆ ಅಂಗುಲ ಕೂಡಿಬಂದಾಗ ಅವರಿಗೆ ಆಗುತ್ತಿದ್ದ ಸಂತೋಷ ಯಾವ ಬಹುಮಾನದಿಂದಲೂ ಆಗದು. ಅಳತೆ ಕಡಿಮೆ ಬಂದರೆ ಕಲ್ಲಿನ ಬುಡ ಮಣ್ಣಲ್ಲಿ ಹೂತಿದೆ ಎಂದು ಅವರೇ ಹೇಳುತ್ತಿದ್ದರು.

ಇನ್ನೊಂದು ಬಗೆಯ ಕಲ್ಲನ್ನು ರೈತರಿಗೆ ಹೇಳಿಕೊಡಬೇಕಿಲ್ಲ, ಅದು ಬಾಂದು ಕಲ್ಲು. ಮೈಸೂರು ಸೀಮೆಯಲ್ಲಿ 1863ರ ಹೊತ್ತಿಗೆ ರೆವಿನ್ಯೂ ಸರ್ವೆ ಶುರುವಾಯಿತು, ಮುಂಬಯಿ ಪದ್ಧತಿಯಂತೆ. 33 ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ನಮ್ಮ ಪಹಣಿಯ ಲೆಕ್ಕ ಇವತ್ತಿಗೂ ಅದೇ. ಇದಕ್ಕಿಂತ ಮೊದಲು, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆ ಅಳೆದು ತ್ರಿಕೋನ ಮಾಪನಕ್ಕೆ ಕೈಹಾಕಿದ್ದ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಕೊಟ್ಟ ಲೆಕ್ಕದ ಮೇಲೆಯೇ ನಮ್ಮ ಹಳೆಯ ಹಾಳೆಗಳು ನಿಂತಿವೆ. ಜಿಪಿಎಸ್ ಬಳಸುವ ಲೆಕ್ಕ ಬೇರೆ. ಹೀಗಾಗಿ ಹಳೆಯ ಹಾಳೆಯಲ್ಲಿ 14–76 ಎಂದು ಕಾಣುವ ಮೂಲೆಗೂ ಫೋನು ಸೊನ್ನೆ ತೋರಿಸುವ ಜಾಗಕ್ಕೂ ನೂರು ಮೀಟರಿಗಿಂತ ಹೆಚ್ಚು ಅಂತರವಿದೆ. ಎರಡೂ ಸರಿಯೇ. ಇದನ್ನು ಮಕ್ಕಳಿಗೆ ನಂಬಿಸಲು ನಾನು ಪಟ್ಟ ಪಾಡು ದೊಡ್ಡದು. ಒಮ್ಮೆ ಅರ್ಥವಾದ ಮೇಲೆ ಮಾತ್ರ ಅವರು ಯಾವ ಅಂಕಿ ಕಂಡರೂ “ಇದು ಯಾವ ಲೆಕ್ಕದ್ದು?” ಎಂದು ಕೇಳತೊಡಗಿದರು.

ಚೀಟಿ ಬಚ್ಚಿಟ್ಟು ಹುಡುಕಿಸುವ ಆಟ ನಮ್ಮ ಶಾಲೆಗಳಿಗೆ ಬಂದದ್ದು ಸ್ಕೌಟಿನಿಂದ. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಕಟ್ಟಿದ ದಳ ಭಾರತದಲ್ಲೇ ಮೊದಲನೆಯದು. ಈಗಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ನಮ್ಮ ಜಿಲ್ಲೆಯವರಿಗೆ ಸ್ಕೌಟು ಎಂದರೆ ಕೊಂಡಜ್ಜಿ. ಕೊಂಡಜ್ಜಿ ಬಸಪ್ಪನವರು ಈ ಚಳವಳಿಗೆ ನಾಡಿನಾದ್ಯಂತ ಮುಂದಾಳಾಗಿದ್ದವರು. ದಾವಣಗೆರೆಗೆ ಹತ್ತಿರದ ಆ ಊರಿನ ಗುಡ್ಡ, ಕೆರೆ, ಶಿಬಿರದ ಬಯಲು ನೋಡದ ಸ್ಕೌಟ್ ಮಾಸ್ಟರ್ ಇಲ್ಲಿ ಯಾರೂ ಇಲ್ಲ. ಬೇಡನ್ ಪೊವೆಲ್ 1908ರಲ್ಲೇ ಬರೆದಿಟ್ಟ ದಾರಿ ಗುರುತುಗಳನ್ನು ಅಲ್ಲಿ ಕಲಿಯುತ್ತೇವೆ. ಬಾಣ ಹಾಕಿದ್ದರೆ ಈ ಕಡೆ ನಡೆ. ಗುಣಾಕಾರದ ಗುರುತಿದ್ದರೆ ಈ ದಾರಿ ಬೇಡ. ಚೌಕದ ಮೈಯಿಂದ ಬಾಣ ಹೊರಟು, ಒಳಗೆ ಅಂಕೆಯಿದ್ದರೆ ಆ ದಿಕ್ಕಿಗೆ ಅಷ್ಟು ಹೆಜ್ಜೆಯಲ್ಲಿ ಪತ್ರ ಅಡಗಿದೆ. ವೃತ್ತದ ನಡುವೆ ಚುಕ್ಕೆಯಿದ್ದರೆ ನಾನು ಮನೆಗೆ ಹೋದೆ. ಉಲ್ಮರನ ಬಕೆಟ್ಟಿಗೂ ಈ ಚೌಕಕ್ಕೂ ಇರುವ ವ್ಯತ್ಯಾಸ ಉಪಗ್ರಹವೊಂದೇ. ಅಂಕೆ, ದಿಕ್ಕು, ಅಡಗಿಸಿಟ್ಟ ಬರಹ ಮೂರೂ ಇಲ್ಲಿವೆ.

ತಂಗಿಯ ಮಗ ಕೈಲಿ ಹಿಡಿಯುವ ಜಿಪಿಎಸ್ ತಂದಿದ್ದ. ಅದನ್ನು ಹಿಡಿದು 14–76ರ ಕಡೆ ನಡೆದೆವು. ನಿಮಿಷದ ಸಾವಿರದಲ್ಲೊಂದು ಭಾಗದವರೆಗೆ ಅದು ತೋರಿಸುತ್ತದೆ. ಕೊನೆಯ ಅಂಕೆ ಒಂದು ಬದಲಾದರೆ ನೆಲದ ಮೇಲೆ ಹತ್ತಿರ ಹತ್ತಿರ ಎರಡು ಮೀಟರ್. ಉತ್ತರದ ಸೊನ್ನೆಗಳು ಕೂಡಿದವು ಎನ್ನುವಾಗ ಪೂರ್ವದ ಕೊನೆಯ ಅಂಕೆ ಜಾರುತ್ತದೆ. ಅದನ್ನು ಹಿಡಿಯಲು ಒಂದು ಹೆಜ್ಜೆ ಸರಿದರೆ ಇದು ಜಾರುತ್ತದೆ. ನಿಂತಲ್ಲೇ ನಿಂತರೂ ಅಂಕೆ ನಿಲ್ಲುವುದಿಲ್ಲ. ದಾರಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದ್ದರು: “ಏನ್ ಹುಡುಕ್ತಿದೀರಿ ಮೇಷ್ಟ್ರೇ, ನಿಧಿ ಐತೇನು?” ನಗುತ್ತ ಕೇಳಿದ್ದಲ್ಲ ಅದು. ಕಣ್ಣಲ್ಲಿ ಅನುಮಾನವಿತ್ತು. ನಾನು ನಿಂತು, ಎಲ್ಲ ಬಿಡಿಸಿ ಹೇಳಿದ ಮೇಲೆಯೇ ಅವರು ಮುಂದೆ ಬಿಟ್ಟದ್ದು.

ಅವರ ಅನುಮಾನಕ್ಕೆ ಕಾರಣವಿದೆ. ಜಗಳೂರಿನಿಂದ ನ್ಯಾಮತಿವರೆಗೆ ಪಾಳು ಗುಡಿಯೊಂದು ಇಡಿಯಾಗಿ ಉಳಿದಿದ್ದರೆ ಅದೇ ಆಶ್ಚರ್ಯ. ಅಮಾವಾಸ್ಯೆ ರಾತ್ರಿ ನಿಧಿಗಳ್ಳರು ಬಂದು ಲಿಂಗ ಕಿತ್ತು, ನಂದಿ ಉರುಳಿಸಿ, ವೀರಗಲ್ಲಿನ ಬುಡ ಅಗೆದು ಹೋಗುತ್ತಾರೆ. ಕಲ್ಲಿನ ಮೇಲೆ ಬರಹ ಕಂಡರೆ ಸಾಕು, ಅದು ನಿಧಿಯ ಗುರುತು ಎಂದು ಯಾರೋ ಹೇಳಿರುತ್ತಾರೆ. ಕುದುರೆಕೊಂಡದ ಹಳೆಯ ಚಿನ್ನದ ಗಣಿಯ ಸುದ್ದಿ ಬೇರೆ ಈ ಆಸೆಗೆ ತುಪ್ಪ ಸುರಿದಿದೆ. ಶಾಸನದಲ್ಲಿರುವುದು ಗದ್ದೆಯ ಎಲ್ಲೆ, ದೀಪದ ಎಣ್ಣೆಯ ಲೆಕ್ಕ, ದನ ಕಾಯಲು ಹೋಗಿ ಸತ್ತ ವೀರನ ಹೆಸರು. ಅದನ್ನು ಓದಬಲ್ಲವರು ಊರಲ್ಲಿ ಒಬ್ಬರಿದ್ದರೂ ಈ ಪಾಪ ಅರ್ಧ ಕಡಿಮೆಯಾಗುತ್ತಿತ್ತು. ಕಾನೂನಿನ ಮಾತು ಹೇಳುವುದಾದರೆ, ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಜಾರಿಯಲ್ಲಿದೆ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಇಂಥ ನೆಲದಲ್ಲಿ ಡಬ್ಬಿ ಅಡಗಿಸಿಡುವ ಆಟ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಡಿಯ ಹಿಂದೆ ಕಲ್ಲು ಸರಿಸಿ ಏನನ್ನೋ ಇಡುತ್ತಿರುವ ಹುಡುಗನನ್ನು ಊರವರು ನಿಧಿಗಳ್ಳನೆಂದು ಹಿಡಿದು ಕಟ್ಟಿದರೆ ತಪ್ಪು ಊರವರದಲ್ಲ. ಸಂತೇಬೆನ್ನೂರಿನ ಪುಷ್ಕರಣಿ, ಮುಸಾಫಿರ್‌ಖಾನೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಕಲ್ಲಿನ ಸಂದಿಗೆ ಡಬ್ಬಿ ತುರುಕುವಂತಿಲ್ಲ. ಜಗಳೂರಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗೆಂದೇ ಇರುವ ಅಭಯಾರಣ್ಯ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಕಾಲಿಡಬಾರದು. ಪರದೇಶದಲ್ಲೂ ಈ ತೊಡಕು ಕಂಡದ್ದರಿಂದಲೇ 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘ ಡಬ್ಬಿಯಿಲ್ಲದ ಅರ್ಥ್‌ಕ್ಯಾಚ್ ಎಂಬ ಬಗೆಯನ್ನು ಶುರು ಮಾಡಿತು. ಜಾಗಕ್ಕೆ ಹೋಗಿ ಕಣ್ಣಾರೆ ನೋಡಿದವರಿಗೆ ಮಾತ್ರ ಉತ್ತರ ಗೊತ್ತಾಗುವಂಥ ಪ್ರಶ್ನೆ ಕೇಳುತ್ತಾರೆ, ಅಷ್ಟೆ. ಸೂಳೆಕೆರೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿ? ಎರಡು ಗುಡ್ಡಗಳ ನಡುವೆ ಇಷ್ಟೇ ಇಷ್ಟು ಏರಿ ಹಾಕಿ ಅಷ್ಟು ದೊಡ್ಡ ಕೆರೆ ಕಟ್ಟಲು ಆದದ್ದು ಹೇಗೆ, ಸಿದ್ಧ ನಾಲೆ ಯಾವ ಬದಿ, ಬಸವ ನಾಲೆ ಯಾವ ಬದಿ, ಎಂದು ಏರಿಯ ಮೇಲೆ ನಿಲ್ಲಿಸಿ ಕೇಳಿದರೆ ಮಕ್ಕಳು ನೀರಾವರಿ ಪಾಠವನ್ನು ಜನ್ಮದಲ್ಲಿ ಮರೆಯರು. ಆ ಕೆರೆಗೂ ಎಲ್ಲೆ ಗುರುತಿಸಿ ಕಲ್ಲು ನೆಡಿ ಎಂದು ಸುತ್ತಲಿನ ಜನ ಹೋರಾಡಿದ್ದನ್ನು ಅವರಿಗೆ ಹೇಳಬೇಕು.

2016ರ ಡಿಸೆಂಬರಿನಲ್ಲಿ ಪೋಕೆಮಾನ್ ಗೋ ಎಂಬ ಫೋನಿನ ಆಟ ಭಾರತಕ್ಕೆ ಬಂದಾಗ ಪೇಟೆಯ ಹುಡುಗರು ಫೋನು ಹಿಡಿದು ಗುಡಿ, ಪ್ರತಿಮೆಗಳ ಮುಂದೆ ನಿಂತರು. ಹಳ್ಳಿಯ ಮಕ್ಕಳಿಗೆ ಅದರಲ್ಲಿ ಹೆಚ್ಚೇನೂ ಸಿಗಲಿಲ್ಲ, ಆಟದ ನಕ್ಷೆ ಹಳ್ಳಿಯಲ್ಲಿ ಬರಿದಾಗಿತ್ತು. ನಕ್ಷೆ ಮಾಡಲು ಸರ್ಕಾರದ ಅಪ್ಪಣೆ ಕೇಳಬೇಕಿದ್ದ ಕಾಲ 2021ರ ಫೆಬ್ರವರಿ 15ರ ಹೊಸ ಮಾರ್ಗಸೂಚಿಯಿಂದ ಬಹುಪಾಲು ಮುಗಿಯಿತು. ಈಗ ರೈತರ ಫೋನಿನಲ್ಲೇ ದಿಶಾಂಕ್ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಬದುವಿನ ಮೇಲೆ ನಿಂತು ಅಪ್ಪ ಮಗ ಅದನ್ನು ನೋಡುವುದು ನಮ್ಮಲ್ಲಿ ದಿನದ ನೋಟ. ಸಾಧನ ಎಲ್ಲರ ಕೈಲಿದೆ ಎಂದ ಮೇಲೆ ಕೆಲಸಕ್ಕೆ ಅಡ್ಡಿಯೇನಿಲ್ಲ.

ಈ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಹನ್ನೊಂದನೇ ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಶಾಲೆಯ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಇದ್ದರೆ ಜಮೀನಿನ ಯಜಮಾನರನ್ನು, ಗುಡಿಯ ಪೂಜಾರರನ್ನು ಕೇಳಿಕೊಂಡು ಮಕ್ಕಳನ್ನು ಕರೆದೊಯ್ಯಿರಿ. ಅಳೆಯಿರಿ, ಫೋಟೋ ತೆಗೆಯಿರಿ, ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಕಲ್ಲು ಎತ್ತುವುದಾಗಲಿ ಅಗೆಯುವುದಾಗಲಿ ಬೇಡ, ಅಕ್ಷರ ಕಾಣಲೆಂದು ಸುಣ್ಣ ಎಣ್ಣೆ ಬಳಿಯುವುದೂ ಬೇಡ. ಕಂಡದ್ದನ್ನು ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ಬರೆದು ಕಳಿಸಿ. ಪುಸ್ತಕದಲ್ಲಿರುವ ಕಲ್ಲು ಜಾಗದಲ್ಲಿ ಇಲ್ಲದಿದ್ದರೆ ಅದನ್ನೂ ತಪ್ಪದೆ ಬರೆಯಿರಿ, ಕಾಣೆಯಾದ ಕಲ್ಲಿನ ಪಟ್ಟಿಯೂ ಇಲಾಖೆಗೆ ಬೇಕು.